ಸೋರಿದ್ದು ಎಲ್ಲಿಂದ

ಹಳೇ ಅಂಬಾಸಿಡರ್, ಫಿಯೆಟ್‌ಗಳ ಮಾತು ಬಂದರೆ ಜನ ಅವುಗಳ ಗಟ್ಟಿತನವನ್ನು ನೆನೆಯುತ್ತಾರೆ. ತಗಡು ದಪ್ಪ, ಸೀಟು ಅಗಲ, ಎಂಥ ಗುಂಡಿ ಬಿದ್ದ ರಸ್ತೆಯಲ್ಲೂ ಹೋಗುತ್ತಿತ್ತು ಎನ್ನುತ್ತಾರೆ. ಅವು ಆಯಿಲ್ ಸೋರುತ್ತಿದ್ದವು ಎಂಬ ಮಾತು ಆ ನೆನಪುಗಳಲ್ಲಿ ಬರುವುದೇ ಇಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಹೊಸ ತಿಪ್ಪಸಂದ್ರದ ಅಡ್ಡರಸ್ತೆಗಳಲ್ಲಿ ನಡೆದರೆ ಯಾರ ಮನೆಯಲ್ಲಿ ಕಾರಿದೆ ಎಂಬುದು ಕಾರು ಆಚೆ ಹೋಗಿದ್ದಾಗಲೂ ಗೊತ್ತಾಗುತ್ತಿತ್ತು. ಗೇಟಿನ ಮುಂದೆ ಅಂಗೈಯಗಲದ ಕರಿ ಮಚ್ಚೆ ಇದ್ದರೆ ಅದು ಕಾರಿರುವ ಮನೆ. ಮಣ್ಣಿನ ರಸ್ತೆ ಆಯಿಲನ್ನು ಹೀರಿಕೊಳ್ಳುತ್ತಿತ್ತು, ಮೇಲೆ ಧೂಳು ಕೂರುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಅಂಥದೊಂದು ಕಾರು ಇನ್ನೂ ಇದೆ. 1978ರ ಅಂಬಾಸಿಡರ್, ಮಾರ್ಕ್ 3. ಅಪ್ಪ ಬಿಇಎಂಎಲ್‌ನಲ್ಲಿದ್ದರು, ಎಂಬತ್ತರ ದಶಕದ ನಡುವೆ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಅದರ ಸೋರಿಕೆಯನ್ನು ಆಗ ಹೇಗೆ ಹುಡುಕಿದರು, ಈಗ ಹೇಗೆ ಹುಡುಕಿದೆವು ಎಂಬುದನ್ನು ಬರೆದಿಡುವುದು ಮುಖ್ಯ ಅನಿಸಿದೆ. ಯಾಕೆಂದರೆ ಹಳೇ ಕಾರು ಇಟ್ಟುಕೊಂಡ ಅನೇಕರು ಇವತ್ತಿಗೂ ಸೋರದ ಜಾಗಕ್ಕೇ ದುಡ್ಡು ಸುರಿಯುತ್ತಿದ್ದಾರೆ.

ಹೊಸ ತಿಪ್ಪಸಂದ್ರ ಎಂಜಿನ್ನುಗಳ ನಡುವೆ ಬೆಳೆದ ಬಡಾವಣೆ. ಹತ್ತಿರದಲ್ಲೇ ವಿಮಾನ ತಯಾರಿಸುವ ಎಚ್‌ಎಎಲ್. 1964ರಲ್ಲಿ ಹುಟ್ಟಿದ ಬಿಇಎಂಎಲ್‌ನ ಬೆಂಗಳೂರು ಕಾರ್ಖಾನೆಯ ವಿಳಾಸದಲ್ಲೇ ಹೊಸ ತಿಪ್ಪಸಂದ್ರ ಅಂಚೆ ಎಂದಿದೆ. ಸುರಂಜನ್ ದಾಸ್ ರಸ್ತೆಯಲ್ಲಿ ಜೆಟ್ ಎಂಜಿನ್ ಸಂಶೋಧನೆಯ ಜಿಟಿಆರ್‌ಇ. ಆ ರಸ್ತೆಗೆ ಹೆಸರು ಬಂದದ್ದು 1970ರ ಜನವರಿಯಲ್ಲಿ ಮಾರುತ್ ವಿಮಾನದ ಪರೀಕ್ಷಾ ಹಾರಾಟದಲ್ಲಿ ಸತ್ತ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರಿಂದ. ಎಚ್‌ಎಎಲ್‌ಗೂ ನಮ್ಮ ಬೀದಿಯ ಫಿಯೆಟ್‌ಗಳಿಗೂ ಒಂದೇ ಮೂಲವಿತ್ತು. ವಾಲ್‌ಚಂದ್ ಹಿರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ ಇಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದರು. ನಾಲ್ಕು ವರ್ಷದ ನಂತರ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಮುಂದೆ ಫಿಯೆಟ್, ಪದ್ಮಿನಿ ಬಂದದ್ದು ಅಲ್ಲಿಂದ. ಅಂಬಾಸಿಡರ್ ಮಾತ್ರ ಬಿರ್ಲಾ ಅವರದು, ಕೋಲ್ಕತ್ತದ ಬಳಿಯ ಉತ್ತರಪಾರಾದಿಂದ ಬರುತ್ತಿತ್ತು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನೇ ಇಲ್ಲಿ ತಯಾರಿಸಿ, 2014ರವರೆಗೂ ಹೊರತಂದರು.

ಇಂಥ ಬಡಾವಣೆಯಲ್ಲಿ ಪ್ರತಿ ಬೀದಿಗೊಬ್ಬರಾದರೂ ಎಂಜಿನ್ ಬಲ್ಲವರು ಇರುತ್ತಿದ್ದರು. ನಮ್ಮ ಎದುರು ಮನೆಯ ಮಾಮ ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದರು. ನ್ಯಾಟ್ ಮತ್ತು ಮಾರುತ್ ವಿಮಾನಗಳ ಆರ್ಫಿಯಸ್ ಎಂಜಿನ್ನಿನ ಮೇಲೆ ಕೈಯಾಡಿಸಿದವರು. ಅವರಿಗೆ ಸ್ವಂತ ಕಾರಿರಲಿಲ್ಲ, ಸೈಕಲ್ಲಿನಲ್ಲಿ ಡ್ಯೂಟಿಗೆ ಹೋಗುತ್ತಿದ್ದರು.

ಅಪ್ಪನಿಗೆ ಆಯಿಲ್ ಸೋರಿಕೆ ದಿನನಿತ್ಯದ ಸಂಗತಿಯಾಗಿತ್ತು. ಭಾನುವಾರ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ನೋಡುವುದು. ಕಡಿಮೆಯಿದ್ದರೆ ಡಿಕ್ಕಿಯಲ್ಲಿದ್ದ ಡಬ್ಬದಿಂದ ಸುರಿಯುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ಒಂದು ಬೇಸಿಗೆಯಲ್ಲಿ ಸೋರಿಕೆ ಜಾಸ್ತಿಯಾಯಿತು. ಡ್ರೈವರ್ ಸೀಟಿನ ಮುಂಭಾಗದ ಕೆಳಗೆ, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ, ಕಾರು ನಿಂತ ಸ್ವಲ್ಪ ಹೊತ್ತಿಗೇ ಕರಿ ಮಡು ಕಟ್ಟುತ್ತಿತ್ತು.

ಅಪ್ಪ ಹಲಸೂರಿನ ಕಡೆಯ ಒಂದು ಗ್ಯಾರೇಜಿಗೆ ಒಯ್ದರು. ಮೆಕ್ಯಾನಿಕ್ ಬಗ್ಗಿ ನೋಡಿದ, ಬೆರಳಲ್ಲಿ ಆಯಿಲ್ ಸವರಿ ನೋಡಿದ.

"ಹಿಂದುಗಡೆ ಹೋಗಿದೆ ಸಾರ್. ಎಂಜಿನ್ ಇಳಿಸ್ಬೇಕು."

ಆ ಮಾತಿಗೆ ಕಾರಣ ಇತ್ತು. ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನ ಹಿಂಬದಿಯಲ್ಲಿ ಈಗಿನ ಕಾರುಗಳ ಹಾಗೆ ರಬ್ಬರ್ ಆಯಿಲ್ ಸೀಲ್ ಇಲ್ಲ. ಕ್ರ್ಯಾಂಕಿನ ಹಿಂತುದಿಯ ಮೇಲೆ ಸ್ಕ್ರೂವಿನ ಸುರುಳಿಯಂಥ ಗೀರು ಕೊರೆದಿರುತ್ತಾರೆ. ಕ್ರ್ಯಾಂಕ್ ತಿರುಗುವಾಗ ಆ ಗೀರು ಹೊರಬರುವ ಆಯಿಲನ್ನು ತಿರುಗಿ ಒಳಕ್ಕೆ ತಳ್ಳುತ್ತದೆ. ಸುತ್ತಲಿನ ಲೋಹಕ್ಕೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಮಾತ್ರ ಇರಬೇಕು. ಮೇನ್ ಬೇರಿಂಗ್ ಸವೆದರೆ ಸಂದು ದೊಡ್ಡದಾಗುತ್ತದೆ, ಆಯಿಲ್ ಫ್ಲೈವೀಲ್ ಇರುವ ಗೂಡಿಗೆ ನುಗ್ಗಿ ಅದರ ತಳದ ತೂತಿನಿಂದ ತೊಟ್ಟಿಕ್ಕುತ್ತದೆ. ಅದನ್ನು ಸರಿಮಾಡಲು ಎಂಜಿನ್ ಹೊರತೆಗೆಯದೆ ದಾರಿಯಿಲ್ಲ. ತೊಟ್ಟು ಅಲ್ಲೇ ಬೀಳುತ್ತಿದೆ ಅಂದಮೇಲೆ ಕಾಯಿಲೆಯೂ ಅಲ್ಲೇ ಎಂದು ಮೆಕ್ಯಾನಿಕ್ ಲೆಕ್ಕ ಹಾಕಿದ. ಹಲವು ತಿಂಗಳ ಸಂಬಳ ಮುಳುಗುವ ಖರ್ಚು ಅದು.

ಎದುರು ಮನೆ ಮಾಮ ಈ ಮಾತು ಕೇಳಿ ಅಪ್ಪನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. "ತೊಟ್ಟು ಬಿದ್ದ ಜಾಗ ಬಿಡಿ ಸಾರ್. ಒದ್ದೆ ಎಲ್ಲಿ ಶುರುವಾಗುತ್ತೆ, ಅದನ್ನ ನೋಡೋಣ. ಅದಕ್ಕೆ ಮುಂಚೆ ಒರೆಸಬೇಕು."

ಹೆಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗದ ನೇರಕ್ಕೆ ಹೆಂಚು ಒಡೆದಿರುವುದಿಲ್ಲ. ನೀರು ರೀಪಿನ ಮೇಲೆ ಹರಿದುಬಂದು ಎಲ್ಲೋ ಬೀಳುತ್ತದೆ. ಎಂಜಿನ್ನಿನಲ್ಲಿ ಆಗುವುದೂ ಅದೇ. ಮೇಲಿಂದ ಸೋರಿದ ಆಯಿಲ್ ಬ್ಲಾಕಿನ ಗೋಡೆಗುಂಟ ಇಳಿದು ತಳದ ಆಯಿಲ್ ಚೇಂಬರಿನ ಅಂಚು ಸೇರುತ್ತದೆ. ಕಾರು ಓಡುವಾಗ ಮುಂದಿನಿಂದ ಬರುವ ಗಾಳಿ ಅದನ್ನು ಅಂಚಿನುದ್ದಕ್ಕೂ ಹಿಂದಕ್ಕೆ ತಳ್ಳುತ್ತದೆ. ಹಿಂದುಗಡೆ ಎಲ್ಲಕ್ಕಿಂತ ತಗ್ಗಿನಲ್ಲಿರುವ ಜಾಗದಲ್ಲಿ ತೊಟ್ಟು ಬೀಳುತ್ತದೆ. ಹೀಗಾಗಿ ಎಂಜಿನ್ನಿನ ಯಾವ ಮೂಲೆಯಲ್ಲಿ ಸೋರಿದರೂ ಕಲೆ ಬೀಳುವ ಜಾಗ ಹೆಚ್ಚುಕಡಿಮೆ ಒಂದೇ.

ಮಾಮ ಸೀಮೆಎಣ್ಣೆ ಕೇಳಿದರು. ಆಗ ಸೀಮೆಎಣ್ಣೆ ರೇಷನ್ ಕಾರ್ಡಿನ ಮೇಲೆ ಬರುತ್ತಿದ್ದ ವಸ್ತು, ಸ್ಟೋವಿಗೇ ಸಾಲುತ್ತಿರಲಿಲ್ಲ. ಅಮ್ಮ ಕೊಡಲಿಲ್ಲ. ಕೊಡದಿದ್ದದ್ದು ಸರಿಯೇ. ಅಪ್ಪ ಪೆಟ್ರೋಲ್ ಬಂಕಿನಿಂದ ಒಂದು ಕ್ಯಾನ್ ಡೀಸೆಲ್ ತಂದರು. ಬ್ರಷ್ ಅದ್ದಿ ವರ್ಷಗಟ್ಟಲೆ ಕಟ್ಟಿದ್ದ ಜಿಡ್ಡನ್ನು ಕೆರೆದು, ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟರು. ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು. ಜಿಡ್ಡಿನಡಿಯಿಂದ ಎಂಜಿನ್ನಿನ ಬಣ್ಣ ಮೊದಲ ಸಲ ಕಂಡಿತು. ಆಮೇಲೆ ಮಾಮ ತೆಳು ಬಟ್ಟೆಯಲ್ಲಿ ಟಾಲ್ಕಮ್ ಪೌಡರ್ ಕಟ್ಟಿ, ಅದನ್ನು ಬ್ಲಾಕಿಗೆ ತಟ್ಟುತ್ತಾ ಹೋದರು. ಎಂಜಿನ್ ಬೆಳ್ಳಗಾಯಿತು. ಅಪ್ಪ ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲಿ ಬಿಟ್ಟರು.

ಕಾರ್ಬ್ಯುರೇಟರ್ ಇರುವ ಬದಿಯಲ್ಲಿ, ಮ್ಯಾನಿಫೋಲ್ಡಿನ ಕೆಳಗೆ, ಬ್ಲಾಕಿನ ಗೋಡೆಗೆ ಎರಡು ತಗಡಿನ ಮುಚ್ಚಳಗಳಿವೆ. ಸೈಡ್ ಕವರ್ ಎನ್ನುತ್ತಾರೆ. ಒಂದೊಂದನ್ನೂ ನಡುವಿನ ಒಂದೇ ಬೋಲ್ಟು ಹಿಡಿದಿರುತ್ತದೆ, ಅಂಚಿಗೆ ಕಾರ್ಕಿನ ಪ್ಯಾಕಿಂಗ್. ಮಾಮ ಟಾರ್ಚ್ ಹಿಡಿದಿದ್ದರು. ಎಂಜಿನ್ ಬಿಸಿಯಾಗುತ್ತಿದ್ದಂತೆ ಹಿಂದಿನ ಕವರಿನ ಕೆಳ ಅಂಚಿನಲ್ಲಿ ಬಿಳಿ ಪುಡಿ ಬೂದು ಬಣ್ಣಕ್ಕೆ ತಿರುಗಿತು, ಮತ್ತೆ ಕಂದಾಯಿತು, ಅಲ್ಲಿಂದ ದಾರದಷ್ಟು ಸಣ್ಣ ಗೆರೆ ಇಳಿಯತೊಡಗಿತು. ಗೆರೆ ಚೇಂಬರಿನ ಅಂಚು ಮುಟ್ಟಿ ಹಿಂದಕ್ಕೆ ತಿರುಗಿತು. ಅದಕ್ಕಿಂತ ಮೇಲೆಲ್ಲ ಪುಡಿ ಒಣಗಿಯೇ ಇತ್ತು.

ಮೇಲಿರುವ ಎಕ್ಸಾಸ್ಟಿನ ಕಾವಿಗೆ ಅಲ್ಲಿನ ಕಾರ್ಕ್ ಒಣಗಿ ಕಲ್ಲಾಗಿತ್ತು. ಹಿಂದೆ ಯಾರೋ ಸೋರಿಕೆ ನಿಲ್ಲಲಿ ಎಂದು ಬೋಲ್ಟನ್ನು ಬಲವಾಗಿ ಬಿಗಿದಿದ್ದರಿಂದ ಕವರಿನ ನಡು ಕುಸಿದು ಅಂಚು ಎದ್ದಿತ್ತು. ಎಷ್ಟು ಬಿಗಿದರೆ ಅಷ್ಟು ಸೋರುವ ಸ್ಥಿತಿ. ಮಾಮ ಕವರನ್ನು ಮರದ ಹಲಗೆಯ ಮೇಲಿಟ್ಟು ತಟ್ಟಿ ಸಮ ಮಾಡಿದರು. ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯಿಂದ ತಂದಿದ್ದ ಕಾರ್ಕ್ ಶೀಟನ್ನು ಕವರಿನ ಅಳತೆಗೆ ಕತ್ತರಿಸಿ, ಅಂಚಿಗೆ ಕೂರಿಸಿ, ಬೋಲ್ಟನ್ನು ಚಿಕ್ಕ ಸ್ಪ್ಯಾನರಿನಲ್ಲಿ ಎರಡು ಬೆರಳ ಬಲದಿಂದ ಬಿಗಿದರು. ಎಂಜಿನ್ ಇಳಿಯಲಿಲ್ಲ. ಮಡು ಕಟ್ಟುವುದು ನಿಂತಿತು. ಒಂದೊಂದು ತೊಟ್ಟು ಮಾತ್ರ ಆಮೇಲೂ ಬೀಳುತ್ತಿತ್ತು. ಅದು ಆ ಕ್ರ್ಯಾಂಕಿನ ಗೀರಿನದು.

ಆ ಕಾಲವನ್ನು ಹೊಗಳಲು ಈ ಪ್ರಸಂಗವನ್ನು ಬಳಸಲಾರೆ. ಮಾಮನಂಥವರು ಸಿಕ್ಕಿದ್ದು ನಮ್ಮ ಅದೃಷ್ಟ. ಬಹುತೇಕ ಗ್ಯಾರೇಜುಗಳಲ್ಲಿ ಆಗಲೂ ಹುಡುಕುವ ಕೆಲಸ ನಡೆಯುತ್ತಿರಲಿಲ್ಲ. ಸೋರಿದರೆ ಇನ್ನಷ್ಟು ಬಿಗಿ, ಬಿಗಿದರೂ ಸೋರಿದರೆ ಪ್ಯಾಕಿಂಗ್ ಬದಲಿಸು, ಅದೂ ಆಗದಿದ್ದರೆ ಎಂಜಿನ್ ಇಳಿಸು. ಬದಲಿಸಿದ ಕರಿ ಆಯಿಲನ್ನು ಮೋರಿಗೆ ಸುರಿಯುತ್ತಿದ್ದರು, ಇಲ್ಲವೇ ಮನೆ ಕಟ್ಟುವವರು ಸೆಂಟ್ರಿಂಗ್ ಹಲಗೆಗೆ ಬಳಿಯಲು ಒಯ್ಯುತ್ತಿದ್ದರು. ಸೋರಿದ ಆಯಿಲ್ ಮಳೆ ಬಂದಾಗ ಚರಂಡಿ ಸೇರುತ್ತಿತ್ತು. ಬಳಸಿದ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ ಎಂಬ ಅರಿವು ಬೀದಿಗೆ ಬಂದಿರಲಿಲ್ಲ. ನೆಲ ಮಣ್ಣಿನದಾಗಿದ್ದರಿಂದ ಸೋರಿಕೆ ಯಾರಿಗೂ ತೊಂದರೆಯಲ್ಲ ಎನಿಸುತ್ತಿತ್ತು, ಅಷ್ಟೇ.

ಅಪ್ಪ ಓಡಿಸುವುದು ನಿಲ್ಲಿಸಿದ ಮೇಲೆ ಕಾರು ಬಹಳ ಕಾಲ ಕವರ್ ಹೊದ್ದು ನಿಂತಿತ್ತು. ಅಷ್ಟರಲ್ಲಿ ಬಡಾವಣೆಯೂ ಬೇರೆಯಾಯಿತು. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ನಿಂತವು. 2011ರಲ್ಲಿ ಮೆಟ್ರೊ ಬೈಯಪ್ಪನಹಳ್ಳಿಗೆ ಬಂತು. ಒಂದಂತಸ್ತಿನ ಮನೆಗಳ ಜಾಗದಲ್ಲಿ ನಾಲ್ಕಂತಸ್ತಿನ ಬಾಡಿಗೆ ಕಟ್ಟಡಗಳು, ಪಿಜಿಗಳು ಎದ್ದವು. ನಮ್ಮ ಮನೆಯೂ ಹಾಗೇ ಎದ್ದಿತು. ಕಾರು ಈಗ ನಿಲ್ಲುವುದು ಕಟ್ಟಡದ ಕೆಳಗೆ, ಟೈಲ್ಸ್ ನೆಲದ ಮೇಲೆ, ಬಾಡಿಗೆದಾರರ ಸ್ಕೂಟರುಗಳ ಪಕ್ಕದಲ್ಲಿ. ಅಲ್ಲಿ ಬೀಳುವ ಒಂದು ತೊಟ್ಟೂ ಕಾಣುತ್ತದೆ, ಜಾರುತ್ತದೆ. ಸೋರಿಕೆ ಸಹಿಸಿಕೊಳ್ಳುವ ಮಾತು ಇಲ್ಲಿಗೆ ಮುಗಿಯಿತು.

ನಿಂತ ಕಾರು ಓಡುವ ಕಾರಿಗಿಂತ ಹೆಚ್ಚು ಸೋರುತ್ತದೆ. ಆಯಿಲ್ ತಾಕದೆ ಇರುವ ಕಾರ್ಕ್ ಕುಗ್ಗುತ್ತದೆ, ರಬ್ಬರ್ ಬಿರುಸಾಗುತ್ತದೆ. ನಾವು ಅದನ್ನು ಮತ್ತೆ ರಸ್ತೆಗಿಳಿಸಲು ಹೊರಟಾಗ ಒಂದಲ್ಲ, ಹಲವು ಕಡೆ ಒದ್ದೆ ಕಂಡಿತು. ಕರೆಸಿದ ಮೊದಲ ಮೆಕ್ಯಾನಿಕ್ ನೋಡಿದವನೇ ಸಿಲಿಕೋನ್ ಟ್ಯೂಬ್ ಹೊರತೆಗೆದ. ಎಲ್ಲ ಅಂಚುಗಳಿಗೂ ಹೊರಗಿಂದ ಬಳಿದುಬಿಡುತ್ತೇನೆ ಎಂದ. ನಾನು ಒಪ್ಪಲಿಲ್ಲ. ಅನಾಬಾಂಡ್‌ನಂಥ ಸೀಲೆಂಟುಗಳು ಒಳ್ಳೆಯವು. ಒಣಗಿದ, ಚೊಕ್ಕ ಮಾಡಿದ ಮೇಲ್ಮೈಗೆ ತೆಳುವಾಗಿ ಹಚ್ಚಿದರೆ ಹಳೇ ಕಾಲದ ಶೆಲ್ಲಾಕಿಗಿಂತ ಎಷ್ಟೋ ಮೇಲು. ಆದರೆ ಜಿಡ್ಡಿನ ಮೇಲೆ ಅದು ಹಿಡಿಯುವುದಿಲ್ಲ. ದಪ್ಪಗೆ ಬಳಿದು ಮುಚ್ಚಿದರೆ ಅಷ್ಟೇ ಸಿಲಿಕೋನ್ ಒಳಕ್ಕೂ ಹಿಂಡಿಕೊಳ್ಳುತ್ತದೆ, ತುಣುಕಾಗಿ ಕಳಚಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಆಗ ಬೇರಿಂಗುಗಳಿಗೆ ಆಯಿಲ್ ಸಿಗದೆ ಎಂಜಿನ್ನೇ ಹೋಗುತ್ತದೆ. ಹೊರಗಿನ ಕಲೆ ತಡೆಯಲು ಹೋಗಿ ಎಂಜಿನ್ ಕಳೆದುಕೊಂಡ ಹಾಗೆ.

ಮಾಮ ಈಗಿಲ್ಲ. ಅವರು ಕಲಿಸಿದ ಕ್ರಮ ಇತ್ತು: ಮೊದಲು ಒರೆಸು, ಆಮೇಲೆ ನೋಡು. ಕಗ್ಗದಾಸಪುರದ ಕಡೆಯ ಒಬ್ಬ ಯುವ ಮೆಕ್ಯಾನಿಕ್ ಈ ಕ್ರಮಕ್ಕೆ ಒಪ್ಪಿದ. ಡಿಸ್ಟ್ರಿಬ್ಯೂಟರಿಗೆ ಪ್ಲಾಸ್ಟಿಕ್ ಸುತ್ತಿ, ಡಿಗ್ರೀಸರ್ ಹಾಕಿ ಎಂಜಿನ್ ತೊಳೆದ. ಪೌಡರಿನ ಬದಲು ಹೊಳೆಯುವ ಡೈ ತಂದಿದ್ದ. ಅದನ್ನು ಆಯಿಲಿಗೆ ಬೆರೆಸಿ, ಕಾರನ್ನು ಒಂದು ಸುತ್ತು ಓಡಿಸಿ ಬಂದು, ಕತ್ತಲಲ್ಲಿ ಅತಿನೇರಳೆ ಟಾರ್ಚ್ ಹಿಡಿದರೆ ಸೋರಿದ ದಾರಿಯೆಲ್ಲ ಹಳದಿ ಹಸಿರಾಗಿ ಹೊಳೆಯುತ್ತದೆ. ವಿಮಾನದ ಎಂಜಿನ್ ಕೆಲಸದಲ್ಲಿ ಬಿಡಿಭಾಗಗಳ ಬಿರುಕು ಕಂಡುಹಿಡಿಯಲು ಇಂಥ ಹೊಳೆಯುವ ದ್ರವವನ್ನು ಎಷ್ಟೋ ದಶಕಗಳಿಂದ ಬಳಸುತ್ತಿದ್ದಾರೆ. ಆಗ ಕಾರ್ಖಾನೆಯ ಕಾಂಪೌಂಡಿನೊಳಗಿದ್ದ ವಿದ್ಯೆ ಈಗ ಯಾರು ಬೇಕಾದರೂ ಕೊಳ್ಳುವ ಟಾರ್ಚಾಗಿ ಬೀದಿಗೆ ಬಂದಿದೆ. ಇದನ್ನು ನಾನು ನಿಜವಾದ ಸುಧಾರಣೆ ಎನ್ನುತ್ತೇನೆ. ಮ್ಯಾನಿಫೋಲ್ಡಿನ ಹಿಂದೆ, ಕೈ ಹೋಗದ ಕಡೆಯೂ ಅದು ತೋರಿಸುತ್ತದೆ.

ತೋರಿಸಿದ್ದು ಮೂರು ಜಾಗ. ಮೇಲಿನ ಟ್ಯಾಪೆಟ್ ಕವರಿನ ಹಿಂದಿನ ಮೂಲೆ ಒಂದು. ಅದನ್ನು ಹಿಡಿಯುವ ಎರಡು ನಟ್ಟುಗಳಿಗೆ ಬೇಕಾದ ಬಲ ಹೆಡ್ಡಿನ ನಟ್ಟಿಗೆ ಬೇಕಾದದ್ದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ. ಅದನ್ನೂ ಯಾರೋ ಮೈಬಲವೆಲ್ಲ ಹಾಕಿ ಬಿಗಿದಿದ್ದರು. ನಟ್ಟಿನಡಿಯ ರಬ್ಬರ್ ಬುಷ್ ಬದಲಿಸಿ, ಕವರ್ ಸಮ ಮಾಡಿ ಕೂರಿಸಿದ್ದಕ್ಕೆ ಅದು ಒಣಗಿತು. ಎರಡನೆಯದು ಆಯಿಲ್ ಫಿಲ್ಟರಿನ ಬಟ್ಟಲು. ಬಟ್ಟಲು ಕೂರುವ ತೋಡಿನಲ್ಲಿ ಹಳೇ ರಬ್ಬರ್ ರಿಂಗ್ ತೆಗೆಯದೆ ಅದರ ಮೇಲೇ ಹೊಸದನ್ನು ಇಟ್ಟಿದ್ದರು. ಹಳೇ ರಿಂಗ್ ತೋಡಿನ ತಳದಲ್ಲಿ ಲೋಹದ್ದೇ ಭಾಗದಂತೆ ಕಪ್ಪಗೆ ಅಂಟಿಕೊಂಡಿತ್ತು. ಸೂಜಿ ಹಾಕಿ ಎಬ್ಬಿಸಿದಾಗ ತುಂಡು ತುಂಡಾಗಿ ಬಂತು. ಮೂರನೆಯದು ಆಯಿಲ್ ಚೇಂಬರಿನ ಮುಂದಿನ ಕಾರ್ಕ್.

ಇವನ್ನೆಲ್ಲ ಮುಟ್ಟುವ ಮೊದಲು ಆ ಹುಡುಗ ಒಂದು ಪ್ರಶ್ನೆ ಕೇಳಿದ, ಅದು ನನಗೆ ಬಹಳ ಹಿಡಿಸಿತು: "ಇಷ್ಟು ಕಡೆ ಒಟ್ಟಿಗೆ ಯಾಕೆ ಸಾರ್ ಸೋರ್ತಿದೆ?" ಪಿಸ್ಟನ್ ರಿಂಗಿನ ಸಂದಿನಿಂದ ಉರಿದ ಗ್ಯಾಸ್ ಸ್ವಲ್ಪ ಯಾವಾಗಲೂ ಕೆಳಗಿಳಿದು ಕ್ರ್ಯಾಂಕಿನ ಗೂಡಿಗೆ ಬರುತ್ತದೆ. ಅದು ಹೊರಹೋಗಲು ಬ್ರೀದರ್ ಪೈಪ್ ಇದೆ. ಪೈಪ್ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ಪ್ಯಾಕಿಂಗ್ ದುರ್ಬಲವೋ ಅಲ್ಲಿ ಆಯಿಲನ್ನು ಹೊರಗೆ ನೂಕುತ್ತದೆ. ಹೊಸ ಪ್ಯಾಕಿಂಗ್ ಹಾಕಿದರೆ ಅದು ಮತ್ತೊಂದು ಜಾಗ ಹುಡುಕಿಕೊಳ್ಳುತ್ತದೆ. ನಮ್ಮ ಕಾರಿನ ಮುಂದಿನ ಸೈಡ್ ಕವರಿನಿಂದ ಇಳಿಯುವ ಬ್ರೀದರ್ ಪೈಪಿನೊಳಗೆ ಹಲ್ವದಷ್ಟು ಗಟ್ಟಿಯಾದ ಕರಿ ಕೆಸರು ತುಂಬಿತ್ತು. ಅದನ್ನು ಕಡ್ಡಿಯಲ್ಲಿ ನೂಕಿ ತೊಳೆದದ್ದಕ್ಕೇ ಸೋರಿಕೆ ಅರ್ಧಕ್ಕಿಳಿಯಿತು. ಯಾವ ಬಿಡಿಭಾಗವನ್ನೂ ಕೊಳ್ಳದೆ ಆದ ರಿಪೇರಿ ಅದು. ಹಳೇ ಕಾರಿನವರು ಪ್ಯಾಕಿಂಗ್ ಸೆಟ್ ತರುವುದಕ್ಕೆ ಮುಂಚೆ ಮಾಡಬೇಕಾದದ್ದು ಇದನ್ನೇ.

ಬಿಡಿಭಾಗದ ವಿಷಯದಲ್ಲಿ ಆಗಲೇ ಸುಲಭವಿತ್ತು. ಜೆ.ಸಿ. ರಸ್ತೆಯಲ್ಲಿ ಅಂಬಾಸಿಡರ್‌ನ ಯಾವ ಸಾಮಾನು ಕೇಳಿದರೂ ಕೌಂಟರಿನ ಮೇಲೆ ಇಡುತ್ತಿದ್ದರು, ಇಲ್ಲದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತಿತ್ತು. ಈಗ ಅಂಗಡಿಗಳು ಇವೆ, ಸರಕು ಕಡಿಮೆ. ಸಿಗುವ ರಬ್ಬರ್ ಎಷ್ಟು ವರ್ಷ ಗೋಡೌನಿನಲ್ಲಿತ್ತೋ ತಿಳಿಯದು. ಕೊಳ್ಳುವ ಮುಂಚೆ ಬಗ್ಗಿಸಿ ನೋಡಬೇಕು; ಬಿರುಕು ಕಂಡರೆ ಬೇಡ ಎನ್ನಬೇಕು. ಪ್ಯಾಕಿಂಗನ್ನಂತೂ ಈಗಲೂ ಕೈಯಲ್ಲೇ ಮಾಡಬಹುದು. ಗ್ಯಾಸ್ಕೆಟ್ ಪೇಪರನ್ನು ಲೋಹದ ಭಾಗದ ಮೇಲಿಟ್ಟು ಅಂಚಿನ ಸುತ್ತ ಬಾಲ್‌ಪೀನ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋದರೆ ಅಂಚೇ ಪೇಪರನ್ನು ಕತ್ತರಿಸುತ್ತದೆ. ಬೋಲ್ಟಿನ ತೂತುಗಳಿಗೆ ಸುತ್ತಿಗೆಯ ಉರುಟು ತಲೆ. ಆ ಹುಡುಗ ಇದನ್ನು ನೋಡಿರಲಿಲ್ಲ. ತೋರಿಸಿದ ಮೇಲೆ ನನಗಿಂತ ಚೊಕ್ಕವಾಗಿ ಮಾಡಿದ. ಆಯಿಲ್ ಮಾತ್ರ ನಾವು ಬದಲಿಸಿಲ್ಲ, 20ಡಬ್ಲ್ಯು-50 ಮಿನರಲ್ ಆಯಿಲನ್ನೇ ಹಾಕುತ್ತೇವೆ. ತೆಳು ಸಿಂಥೆಟಿಕ್ ಆಯಿಲ್ ಈ ಎಂಜಿನ್ನಿನ ಸಂದುಗಳಿಂದ ಸುಲಭವಾಗಿ ಹೊರಬರುತ್ತದೆ.

ಕ್ರ್ಯಾಂಕಿನ ಗೀರಿನಿಂದ ಬರುವ ತೊಟ್ಟು ಇನ್ನೂ ಇದೆ. ಕಾರು ನಿಂತಾಗ ಗೀರು ಕೆಲಸ ಮಾಡುವುದಿಲ್ಲ, ಹಾಗಾಗಿ ಓಡಿ ಬಂದು ನಿಂತ ಮೇಲೆ ಒಂದೆರಡು ತೊಟ್ಟು ಬೀಳುತ್ತವೆ. ಕೆಳಗೆ ತಟ್ಟೆ ಇಟ್ಟಿದ್ದೇವೆ. ಆಯಿಲ್ ಪ್ರೆಶರ್ ಚೆನ್ನಾಗಿದೆ, ಬೇರಿಂಗ್ ಸದ್ದಿಲ್ಲ. ಇಷ್ಟಕ್ಕಾಗಿ ಎಂಜಿನ್ ಇಳಿಸುವುದು ಸರಿಯಲ್ಲ. ಎಂದಾದರೂ ಬೇರಿಂಗಿಗೆ ಇಳಿಸಬೇಕಾದಾಗ ಇದನ್ನೂ ನೋಡುತ್ತೇವೆ. ಯಾವ ಸೋರಿಕೆಯನ್ನು ಈಗ ಮುಟ್ಟಬಾರದು ಎಂದು ತಿಳಿಯುವುದೂ ಹುಡುಕಿದ್ದರ ಫಲವೇ.

ಅಂದಿಗೂ ಇಂದಿಗೂ ಬದಲಾಗದೆ ಉಳಿದದ್ದು ಒಂದಿದೆ. ಗ್ಯಾರೇಜಿನ ಬಿಲ್ಲಿನಲ್ಲಿ ಪ್ಯಾಕಿಂಗಿಗೆ ಒಂದು ಸಾಲು, ಆಯಿಲಿಗೆ ಒಂದು ಸಾಲು, ಬಿಚ್ಚಿ ಕಟ್ಟಿದ್ದಕ್ಕೆ ಒಂದು ಸಾಲು ಇರುತ್ತದೆ. ಹುಡುಕಿದ್ದಕ್ಕೆ ಸಾಲಿಲ್ಲ. ಬಿಚ್ಚಿದರೆ ಮಾತ್ರ ದುಡ್ಡು ಎಂದಾದಾಗ ಮೆಕ್ಯಾನಿಕ್ ಬಿಚ್ಚುತ್ತಾನೆ. ಅದರಲ್ಲಿ ಅವನ ತಪ್ಪನ್ನು ನಾನು ಕಾಣೆ. ಮಾಮ ಹುಡುಕಲು ಸಾಧ್ಯವಾದದ್ದು ಅವರ ಸಂಬಳ ಬೇರೆ ಕಡೆಯಿಂದ ಬರುತ್ತಿದ್ದದ್ದರಿಂದ. ಇಷ್ಟಪಟ್ಟು ಮಾಡಿದರು, ಒಂದು ಲೋಟ ಕಾಫಿ ಕುಡಿದು ಹೋದರು. ಅವರ ಹಾಗೆ ಮಾಡು ಎಂದು ಹೊಟ್ಟೆಪಾಡಿಗೆ ದುಡಿಯುವ ಹುಡುಗನನ್ನು ಕೇಳುವುದು ನ್ಯಾಯವಲ್ಲ.

ಹಾಗಾಗಿ ಒರೆಸಿ, ಡೈ ಹಾಕಿ, ಓಡಿಸಿ, ನೋಡಿದ ಹೊತ್ತಿಗೆ ನಾನು ಕೂಲಿಯನ್ನು ಬೇರೆಯಾಗಿ ಕೊಡುತ್ತೇನೆ, ಆ ದಿನ ಒಂದು ನಟ್ಟನ್ನೂ ತಿರುಗಿಸದಿದ್ದರೂ. ಮೊದಲ ಸಲ ಅವನು ತೆಗೆದುಕೊಳ್ಳಲು ಹಿಂಜರಿದ. ಈಗ ಅವನೇ ತನ್ನ ಬೇರೆ ಗಿರಾಕಿಗಳಿಗೂ ಮೊದಲ ದಿನ ಬರೀ ನೋಡುವ ದಿನ, ಅದಕ್ಕೆ ಇಷ್ಟು ಎಂದು ಮುಂಚೆಯೇ ಹೇಳುತ್ತಿದ್ದಾನೆ. ಕೆಲವರು ಬೇಡ ಎಂದು ಹೋಗುತ್ತಾರೆ, ಕೆಲವರು ಒಪ್ಪುತ್ತಾರೆ. ಹಳೇ ಕಾರುಗಳು ರಸ್ತೆಯ ಮೇಲೆ ಉಳಿಯಬೇಕು ಎನ್ನುವವರು ಒಪ್ಪುವವರ ಗುಂಪಿನಲ್ಲಿರಬೇಕು.